ಅತ್ತೆಯ ತಪಾಸಣೆಗೆ ಸಿಕ್ಕ ಕಾದಂಬರಿ

ಸಿನಿಮಾಗಳಿಗೆ ಸೆನ್ಸಾರ್ ಮಂಡಳಿ ಇದೆ. ನಮ್ಮ ಮನೆಗೆ ಬರುವ ಪುಸ್ತಕಗಳಿಗೆ ನಮ್ಮ ಅತ್ತೆ ಇದ್ದಾಳೆ. ಮಂಡಳಿಯವರಾದರೂ ಒಮ್ಮೊಮ್ಮೆ ಕಣ್ಣು ಮುಚ್ಚಿ ಪಾಸು ಮಾಡಿಯಾರು. ಅತ್ತೆಯ ಮುಂದೆ ಆ ಆಟ ನಡೆಯುವುದಿಲ್ಲ!

ಅತ್ತೆಯೆಂದರೆ ಅಪ್ಪನ ಅಕ್ಕ. ನಮ್ಮೂರು ಮೊರಬದಲ್ಲಿ ನಮ್ಮೊಂದಿಗೇ ಇರುತ್ತಾಳೆ. ಕಲಿತದ್ದು ಏಳನೇ ಇಯತ್ತೆಯವರೆಗೆ. ಓದುವ ಹುಚ್ಚು ಮಾತ್ರ ಎಂ.ಎ. ಮಟ್ಟದ್ದು. ಮಕ್ಕಳ ಕೈಗೆ ಹೋಗುವ ಯಾವ ಪುಸ್ತಕವೂ ಮೊದಲು ಅವಳ ಕನ್ನಡಕದ ಕೆಳಗೆ ಹಾಯಲೇಬೇಕು. ಒಮ್ಮೆ ಕೂಸುಗಳ ಚಿತ್ರಪುಸ್ತಕವನ್ನೇ ತಡೆಹಿಡಿದಳು. ಅಪರಾಧವೇನು? ಅದರಲ್ಲೊಂದು ಮೊಲ ಸ್ನಾನ ಮಾಡದೆ ಊಟಕ್ಕೆ ಕೂತಿತ್ತು!

"ಮೊಲಾ ಎಲ್ಲೆರೆ ಜಳಕಾ ಮಾಡ್ತೈತೇನ್ರಿ ಅತ್ತಿ?" ಎಂದೆ.

"ಮಾಡೂದಿಲ್ಲಂದ್ರ ತಾಟಿನ ಮುಂದ ಯಾಕ ಕುಂತೈತಿ?"

ಹೋದ ವರ್ಷ ನನ್ನ ಮಗಳು ಶಿಲ್ಪಾ, ಅವಳ ಗೆಳತಿ ಬಾಜೂ ಮನೆಯ ರೇಣುಕಾ ಕೂಡಿ ಪಂಚಾಯಿತಿ ಗ್ರಂಥಾಲಯದಿಂದ ಒಂದು ಕಾದಂಬರಿ ತಂದರು. ಇಬ್ಬರೂ ಆರನೇ ತರಗತಿ. 'ಹದಿಹರೆಯದವರಿಗಾಗಿ' ಎಂದು ಪುಸ್ತಕದ ಬೆನ್ನ ಮೇಲೆಯೇ ಅಚ್ಚಾಗಿತ್ತು. ಒಬ್ಬಳು ಓದುವುದು, ಇನ್ನೊಬ್ಬಳು ಕೇಳುವುದು ಎಂಬ ಕರಾರೂ ಆಗಿತ್ತು. ಅತ್ತೆ ಹೊಸ್ತಿಲಲ್ಲೇ ಜಪ್ತಿ ಮಾಡಿದಳು.

"ನಿಮಗಿನ್ನೂ ಹಾಲಹಲ್ಲು ಉದುರಾಕತ್ತಾವು. ಮೊದ್ಲ ನಾ ನೋಡ್ತೀನಿ."

"ನೀವೇನು ಹದಿಹರೇದವ್ರೇನ್ರಿ ಅಜ್ಜಿ?" ಎಂದಳು ರೇಣುಕಾ.

ಅತ್ತೆಗೆ ನಗು ಬಂತು. ಪುಸ್ತಕ ಮಾತ್ರ ಅವಳ ಕೈಬಿಟ್ಟು ಬರಲಿಲ್ಲ.

ತಪಾಸಣೆ ಶುರುವಾಯಿತು. ಕಾದಂಬರಿಯ ಹುಡುಗಿ ಒಬ್ಬ ಹುಡುಗನ ಮೋಟರ್‌ಸೈಕಲ್ ಹತ್ತಿಬಿಟ್ಟಳಂತೆ. "ಹೆಲ್ಮೆಟ್ ಸೈತ ಇಲ್ಲಲೇ!" ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗಿದಳು. ಮರುದಿನ ಆ ಹುಡುಗಿ ಅವನ ಫೋಟೋವನ್ನು ಗಣಿತದ ಪುಸ್ತಕದಲ್ಲಿ ಬಚ್ಚಿಟ್ಟಳು.

"ಇದನ್ನ ಓದಿ ಈ ಕೂಸುಗೋಳು ಏನ್ ಕಲೀತಾವು ಹೇಳು?"

"ಗಣಿತದ ಪುಸ್ತಕಾ ತಗಿಯೂದನ್ನೆರೆ ಕಲೀತಾವ್ರಿ" ಎಂದೆ. ಅಂದು ನನಗೆ ಎರಡನೇ ರೊಟ್ಟಿ ಬೀಳಲಿಲ್ಲ.

ಆದರೆ ಅತ್ತೆಯ ಕೋಣೆಯ ಮುಚ್ಚಿದ ಬಾಗಿಲ ಹಿಂದಿನಿಂದ ಕಿಸಕ್ಕನೆ ನಗುವ ಸದ್ದು ಬರತೊಡಗಿತು. ಕೇಳಿದರೆ "ಕೆಮ್ಮು ಲೇ, ಕೆಮ್ಮು!" ಎನ್ನುತ್ತಿದ್ದಳು. ಎಂಥ ಕೆಮ್ಮೋ! ಪುಸ್ತಕ ಮುಗಿಸಿದವಳು ಮತ್ತೆ ಮೊದಲ ಪುಟಕ್ಕೆ ಹೋದಳು. ದಿನವೂ ಶಾಲೆ ಬಿಟ್ಟೊಡನೆ ರೇಣುಕಾ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

"ಪಾಸಾತೇನ್ರಿ ಅಜ್ಜಿ?"

"ಇನ್ನೂ ನಡದೈತೆವ್ವಾ. ನಾಳೆ ಬಾ."

ಮಳೆಗಾಲದಲ್ಲಿ ರೇಣುಕಾಗೆ ಜ್ವರ ಬಂತು. ಊರಿನ ಔಷಧಕ್ಕೆ ಇಳಿಯಲಿಲ್ಲವೆಂದು ಹುಬ್ಬಳ್ಳಿಗೆ ಒಯ್ದರು. ಹುಡುಗಿ ಉಳಿಯಲಿಲ್ಲ.

ಶಿಲ್ಪಾ ಮಾತು ಬಿಟ್ಟಳು. ಅತ್ತೆ ತಾನಾಗಿಯೇ ಪುಸ್ತಕವನ್ನು ಅವಳ ಮುಂದಿಟ್ಟಳು. ಅವಳು ಅದನ್ನು ಮುಟ್ಟಲಿಲ್ಲ.

"ಆ ಮೋಟರ್‌ಸೈಕಲ್ಲಿನ ನಾಕ್ ಹಾಳಿ ಸಲುವಾಗಿ ಇಡೀ ಪುಸ್ತಕಾ ಹಿಡಕೊಂಡು ಕುಂತೆ" ಎಂದಳು ಅತ್ತೆ ನನ್ನೆದುರು. "ಇಬ್ರೂ ಕೂಡಿ ನಕ್ಕೋತ ಓದ್ತಿದ್ರು."

"ಹಿಂಗಾಕ್ಕೈತಿ ಅಂತ ನಿಮಗೇನ್ ಗೊತ್ತಿತ್ರಿ ಅತ್ತಿ?"

"ಅದು ಗೊತ್ತಿರಲಿಲ್ಲ, ಖರೆ. ದಿನಾ ಬಂದು ನಿಲ್ಲೂದು ಕಾಣ್ತಿತ್ತಲ್ಲೋ?"



ಒಂದು ಮಧ್ಯಾಹ್ನ ರೇಣುಕಾಳ ತಾಯಿ ನಮ್ಮ ಮನೆಗೆ ಬಂದಳು. ಮಗಳು ಹೋದ ಮೇಲೆ ಕೂಲಿಗೂ ಹೋಗದೆ ಕೂತವಳು. ಓದು ಬರಹ ಬಾರದು. "ನಮ್ಮಕಿ ದಿನಾ ಬಂದು ಕೇಳ್ತಿದ್ಲಲ್ರಿ, ಆ ಪುಸ್ತಕದಾಗ ಏನೈತ್ರಿ?" ಎಂದಳು.

ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದತೊಡಗಿದಳು. ಶಿಲ್ಪಾ ಮೆಲ್ಲಗೆ ಬಂದು ಕಂಬಕ್ಕೆ ಒರಗಿ ಕೂತಳು. ಅತ್ತೆ ಒಂದು ಸಾಲನ್ನೂ ಬಿಡಲಿಲ್ಲ; ಮೋಟರ್‌ಸೈಕಲ್ಲೂ ಬಂದು ಹೋಯಿತು. ಮುಂದೊಂದು ಕಡೆ ಕಾದಂಬರಿಯ ಹುಡುಗಿ, ಅವಳ ಗೆಳತಿ ಇಬ್ಬರೂ ಶಾಲೆ ತಪ್ಪಿಸಿ ಹೊಟ್ಟೆ ತುಂಬ ಹುಣಸೆಕಾಯಿ ತಿಂದು ಮನೆಗೆ ಬರುತ್ತಾರೆ. "ಇಂಗ್ಲಿಷ್ ಓದಿ ಓದಿ ಹಲ್ಲು ಜುಮ್ ಅನ್ನುತ್ತಿವೆ, ಊಟ ಬೇಡ" ಎಂದು ತಾಯಿಗೆ ಸುಳ್ಳು ಹೇಳುತ್ತಾರೆ.

ರೇಣುಕಾಳ ತಾಯಿ ಫಕ್ಕನೆ ನಕ್ಕುಬಿಟ್ಟಳು. "ನಮ್ಮಕಿನೂ ಥೇಟ್ ಹಿಂಗ ಹೇಳಾಕಿರಿ!" ಎಂದು ಸೆರಗನ್ನು ಕಣ್ಣಿಗೊತ್ತಿಕೊಂಡಳು. ಕಂಬದ ಕಡೆಯಿಂದ ಶಿಲ್ಪಾಳ ನಗುವೂ ಕೇಳಿಸಿತು.

ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡಳು. ಹಾಳೆ ತಿರುವಲಿಲ್ಲ. ಅದೇ ಪುಟವನ್ನು ಮತ್ತೆ ಮೊದಲಿನಿಂದ ಓದಿದಳು.