ಪಟ್ಟಣದಲ್ಲಿ ಮಾವನ ಮರ್ಯಾದೆ

ನಮ್ಮ ಕಮಲಾಪುರದವರು ಕಲಬುರಗಿಗೆ ಹೊರಟರೆ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ನಿಜಾಮರ ಕಾಲ ಅದು. ನಾನು ವಾರವಾರ ಬಂಡಿಯಲ್ಲಿ ಕೆಂಪು ಬಾಳೆಹಣ್ಣು ಒಯ್ದು ಅಲ್ಲಿ ಮಾರುತ್ತಿದ್ದೆ. ಹಾಗಾಗಿ ಪಟ್ಟಣದ ರೀತಿ ರಿವಾಜು ಹೇಳಿಕೊಡುವ ಪಂಡಿತ ಊರಿಗೆಲ್ಲ ನಾನೊಬ್ಬನೇ. ಸೋದರಮಾವ ತನ್ನ ಮಗಳ ಮದುವೆ ಮಾತು ಮುಗಿಸಿಕೊಂಡು ಬರಲು ಹೊರಟಾಗ ಅತ್ತೆ ನನ್ನನ್ನೇ ಜೊತೆಗೆ ಕಳಿಸಿದಳು.

“ಭಾಳ ಛಲೋ ಮನಿತನ ಅದಪಾ. ನಿಮ್ಮ ಮಾವ ಏನರ ಹಳ್ಳಿತನ ಮಾಡಿ ಸಂಬಂಧ ಕೆಡಿಸಿದ್ರ ನಿನ್ನ ಬಿಡಂಗಿಲ್ಲ ನೋಡು.”

೧. ವಲ್ಲಿ

ರೋಜಾ ದರ್ಗಾದ ಹತ್ತಿರ ಉರುಸಿನ ಗದ್ದಲ. “ಮಾವ, ನನ್ನ ಹೆಗಲ ಮ್ಯಾಲಿನ ವಲ್ಲಿ ಹಿಡಕೊ. ಏನೇ ಆಗ್ಲಿ, ಬಿಡಬ್ಯಾಡ” ಎಂದು ಹೆಗಲುವಸ್ತ್ರದ ತುದಿ ತೋರಿಸಿದೆ. ನೂಕುನುಗ್ಗಲಿನಲ್ಲಿ ಮಾವ ಹಿಡಿದದ್ದು ಇನ್ಯಾರದೋ ವಲ್ಲಿ. ಆ ಮನುಷ್ಯ ಮಾವನನ್ನೇ ಕಳ್ಳನೆಂದು ತಿಳಿದು ಹೆದರಿ ಓಡಿದ. ಮಾವನೂ ಬಿಡದೆ ಹಿಂದೆ ಓಡಿದ. ಕಡೆಗೆ ಅವನು ವಲ್ಲಿಯನ್ನೇ ಬಿಟ್ಟು ಪರಾರಿ.

ಮಾವ ಏದುಸಿರು ಬಿಡುತ್ತ ಬಂದು ಅದನ್ನು ನನ್ನ ಕೈಗೆ ತುರುಕಿದ. “ತಗೊ ನಿನ್ನ ವಲ್ಲಿ. ಇಷ್ಟು ಜೋರ ಓಡವನ ಸಂಗಟ ಬರ್ಲಾಕ ನನ್ನ ಕೈಲೆ ಆಗಂಗಿಲ್ಲ.”

೨. ಶೇರವಾನಿ

“ಶೇರವಾನಿ ಹಾಕ್ಕೊಂಡವ್ರು ಕಂಡ್ರ ಬಗ್ಗಿ ಸಲಾಂ ಮಾಡು. ಅವ್ರು ಹೋಗು ಅನ್ನೂತನ ಕದಲಬ್ಯಾಡ” ಎಂದು ಹೇಳಿ ನಾನು ಎತ್ತುಗಳಿಗೆ ನೀರು ಕುಡಿಸಲು ಹೋದೆ. ಬಂದು ನೋಡಿದರೆ ಮಾವ ದರ್ಜಿಯ ಅಂಗಡಿ ಮುಂದೆ ಬಿಸಿಲಲ್ಲಿ ಕೈಕಟ್ಟಿ ನಿಂತಿದ್ದಾನೆ. ಎದುರಿಗೆ ಕೋಲಿಗೆ ತೂಗುಹಾಕಿದ ಹೊಸ ಶೇರವಾನಿ, ಅದರ ಮೇಲೊಂದು ಟೊಪ್ಪಿಗೆ. ಮಾವನ ಕಣ್ಣು ಮೊದಲೇ ಮಂದ.

“ಯಾಕ ನಿಂತೀರಿ ಯಜಮಾನ್ರ?” ಎಂದ ದರ್ಜಿ.

ಮಾವ ಪಿಸುಗುಟ್ಟಿದ, “ಸಾಹೇಬ್ರು ಇನ್ನಾ ಹೋಗು ಅಂದಿಲ್ರಿ.”

೩. ಎಲೆಅಡಿಕೆ

ವರನ ಮನೆ ಹೊಗುವ ಮೊದಲು ಕೊನೆಯ ಪಾಠ ಹೇಳಿದೆ. ನವಾಬರಂಥ ದೊಡ್ಡವರ ಮನೆಯಲ್ಲಿ ಎಲೆಅಡಿಕೆ ಕೊಟ್ಟರೆ ‘ಇನ್ನು ಹೊರಡಿ’ ಎಂದರ್ಥ, ಆಮೇಲೂ ಕೂತವನು ಮಾನಗೇಡಿ. ಪಾಠ ಸರಿಯಾಗಿಯೇ ಇತ್ತು. ಆದರೆ ಇವರು ನವಾಬರಲ್ಲ, ನಮ್ಮವರೇ. ನಮ್ಮಲ್ಲಿ ಎಲೆಅಡಿಕೆ ಹಿಡಿದರೆ ಮದುವೆ ಗಟ್ಟಿ.

ಮಾತೆಲ್ಲ ಸಕ್ಕರೆಯಂತೆ ಮುಗಿಯಿತು. ವರನ ತಂದೆ ನಗುತ್ತ ಎಲೆಅಡಿಕೆಯ ತಾಟು ತಂದರು. ಮಾವ ದಡಕ್ಕನೆ ಎದ್ದು, ಕೈಮುಗಿದು, ಬೀದಿಗೇ ನಡೆದುಬಿಟ್ಟ. ಪಾಪ, ಆ ಹಿರಿಯರು ತಾಟು ಹಿಡಿದು, “ಬೀಗ್ರ, ಏನ್ ತಪ್ಪಾತ್ರಿ?” ಎನ್ನುತ್ತ ಬೆನ್ನು ಹತ್ತಿದರು. ತಾಟು ಹತ್ತಿರ ಬಂದಷ್ಟೂ ಮಾವನ ನಡಿಗೆ ಚುರುಕಾಯಿತು.

ಅಂತೂ ಓಣಿಯವರೆಲ್ಲ ಸೇರಿ ಮಾವನನ್ನು ಹಿಡಿದು ತಂದು ಕೂರಿಸಿದರು. ವರನ ತಂದೆ ಬಾಗಿಲಿಗೆ ಅಗಳಿ ಹಾಕಿ, ತಾಟು ಮುಂದಿಟ್ಟು ಕೇಳಿದರು, “ಖರೇ ಹೇಳ್ರಿ, ಹುಡುಗಿ ಕೊಡ್ತೀರೋ ಇಲ್ಲೋ?”

“ಖುಷಿಲಿಂದ ಕೊಡ್ತೀನ್ರಿ” ಎಂದ ಮಾವ. “ಆದ್ರ ಎಲಿಅಡಿಕಿ ಕೊಟ್ಟು ಹೊಂಟು ಹೋಗ್ರಿ ಅಂತ ಹೇಳಿ, ಮ್ಯಾಲ ಅಗಳಿ ಹಾಕೋದು ಯಾವ ಊರ ಮರ್ಯಾದಿರಿ?”