ಜಗಲಿಯಿಂದ ಕಾಶಿಗೆ, ರೈಟ್ ರೈಟ್!

ನಮ್ಮ ಚಿಕ್ಕಪ್ಪ ಕಾಶಿಗೆ ಮೂರು ಸಲ ಹೋಗಿ ಬಂದಿದ್ದಾರೆ. ರಾಮೇಶ್ವರ ಎರಡು ಸಲ, ಕೇದಾರ ಒಂದು ಸಲ. ಪುರಿ ಜಗನ್ನಾಥನ ಯಾತ್ರೆ ಮಾತ್ರ ಅರ್ಧಕ್ಕೇ ನಿಂತಿತು. ಪುಸ್ತಕದ ಕೊನೆಯ ಹಾಳೆಗಳನ್ನು ಯಾರೋ ಪುಣ್ಯಾತ್ಮರು ಕಿತ್ತುಕೊಂಡಿದ್ದರು. ಇಷ್ಟೆಲ್ಲ ತಿರುಗಿದರೂ ಅವರು ಯಳಂದೂರಿನ ತಮ್ಮ ಮನೆಯ ಜಗಲಿ ಬಿಟ್ಟು ಕೆಳಗಿಳಿದಿಲ್ಲ. ನಗಬೇಡಿ! ಆ ಬೀದಿಯಲ್ಲಿ ಹೀಗೆ ಯಾತ್ರೆ ಮುಗಿಸಿ ಬಂದವರು ಇನ್ನೂ ಐದಾರು ಜನ ಇದ್ದಾರೆ. ಎಲ್ಲರೂ ಚಿಕ್ಕಪ್ಪನ ಜೊತೆಗೇ ಹೋದವರು.

ಚಿಕ್ಕಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವರು. ಸರ್ವೀಸೆಲ್ಲ ಹೆಚ್ಚುಕಮ್ಮಿ ಒಂದೇ ರೂಟು: ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟ, ಅಲ್ಲಿಂದ ಮೇಲೆ ಮಲೆ ಮಹದೇಶ್ವರ ಬೆಟ್ಟ, ಅಂದರೆ ನಮ್ಮ ಮಾದಪ್ಪನ ಬೆಟ್ಟ. ಅವರು ಬೆಟ್ಟಕ್ಕೆ ಹತ್ತಿಸಿದ ಭಕ್ತರನ್ನು ಸಾಲಾಗಿ ನಿಲ್ಲಿಸಿದರೆ, ಆ ಸಾಲು ಬೆಟ್ಟ ಮುಟ್ಟಿ, ಪ್ರಸಾದ ತಿಂದು, ವಾಪಸ್ ಯಳಂದೂರಿಗೆ ಬಂದೀತು. ಆದರೆ ಈ ಮಹಾಶಯರು ಒಂದು ದಿನವೂ ಗುಡಿಯೊಳಗೆ ಕಾಲಿಟ್ಟವರಲ್ಲ! ಬಸ್ಸು ತಿರುಗಿಸುವುದು, ಒಂದು ಟೀ ಕುಡಿಯುವುದು, "ರೈಟ್ ರೈಟ್" ಅನ್ನುವುದು, ಅಷ್ಟೆ.

ಚಿಕ್ಕಮ್ಮ ಪ್ರತಿ ಶಿವರಾತ್ರಿಗೂ ಕೇಳುತ್ತಿದ್ದರು. "ನನ್ನೂ ಒಂದ್ಸಲ ಕರ್ಕಂಡೋಗಿ, ಮಾದಪ್ಪನ ಮಕ ನೋಡ್ಬೇಕು."

"ಡ್ಯೂಟಿ ಮೇಲೆ ಎಂಡ್ರು ಕೂರುಸ್ಕಂಡು ಓಗಕ್ಕಾಯ್ತದಾ? ರಿಟೈರಾಗ್ಲಿ ತಡಿ. ಮಾದಪ್ಪ ಎಲ್ಲಿಗೋದಾನು?"

ಮಾತು ನಿಜವೇ. ಚಿಕ್ಕಪ್ಪ ರಿಟೈರಾದಾಗಲೂ ಮಾದಪ್ಪ ಇದ್ದಲ್ಲಿಯೇ ಇದ್ದ. ಹೋದದ್ದು ಚಿಕ್ಕಮ್ಮನ ಕಣ್ಣು. ಸಕ್ಕರೆ ಕಾಯಿಲೆ ಸದ್ದಿಲ್ಲದೆ ಎರಡೂ ಕಣ್ಣಿಗೆ ಇಳಿದಿತ್ತು. ಆಸ್ಪತ್ರೆಗಳನ್ನೆಲ್ಲ ಸುತ್ತಿದ್ದಾಯಿತು. ಹೋದ ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಈಗ ಬಾಗಿಲಲ್ಲಿ ಯಾರೋ ಬಂದರು ಅನ್ನುವಷ್ಟು ತಿಳಿಯುತ್ತದೆ, ಯಾರೆಂದು ತಿಳಿಯಬೇಕಾದರೆ ಅವರು ಮಾತಾಡಬೇಕು.

"ಬಾ, ಈಗ ಓಗವ," ಎಂದರು ಚಿಕ್ಕಪ್ಪ.

"ಕಣ್ಣಿದ್ದಾಗ ಕರ್ಕಂಡೋಗ್ನಿಲ್ಲ. ಈಗ ಓಗಿ ಏನ್ ನೋಡ್ಲಿ, ಜನ ತಳ್ಳದ್ನಾ?" ಎಂದರು ಚಿಕ್ಕಮ್ಮ.

ಚಿಕ್ಕಮ್ಮ ಮಾತಾಡುವುದೇ ಕಮ್ಮಿ. ಆಡಿದರೆ ಸರ್ಕಾರಿ ಆರ್ಡರ್ ಇದ್ದಹಾಗೆ, ಮೇಲ್ಮನವಿಗೆ ಅವಕಾಶವಿಲ್ಲ. ಚಿಕ್ಕಪ್ಪ ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆಯೇ ಕೊಳ್ಳೇಗಾಲದ ನಮ್ಮ ಮನೆಗೆ ಬಂದು ನನ್ನನ್ನು ಕರೆದರು. "ಅಮ್ಮಿ, ನಿನ್ ಲೈಬ್ರರಿ ಕಾರ್ಡಲ್ಲಿ ಯಾತ್ರೆ ಪುಸ್ತಕ ಎಷ್ಟವೋ ಅಷ್ಟೂ ತಕಂಬಾ. ಓದಿ ಓದಿ ಅವ್ಳ್ಗೆ ಆಸೆ ಉಟ್ಟುಸ್ತೀನಿ. ಒಂದಿನ ಅವ್ಳೇ ಎದ್ದು ನಡೀರಿ ಬೆಟ್ಟಕ್ಕೆ ಅನ್ಬೇಕು."

ಹೀಗೆ ಶುರುವಾಯಿತು ಜಗಲಿ ಯಾತ್ರೆ. ಮಧ್ಯಾಹ್ನದ ಊಟ ಆದಮೇಲೆ ಚಿಕ್ಕಮ್ಮ ಕಂಬಕ್ಕೆ ಒರಗಿ ಕೂರುವರು. ಅಕ್ಕಪಕ್ಕದವರು ಬಂದು ಸೇರುವರು. ಚಿಕ್ಕಪ್ಪ ಕನ್ನಡಕ ಏರಿಸಿ "ರೈಟ್!" ಎಂದರೆ ಅಧ್ಯಾಯ ಹೊರಡುತ್ತದೆ. "ಹೋಲ್ಡಾನ್!" ಎಂದರೆ ಟೀ. ತಡವಾಗಿ ಬಂದವರು ಸುಮ್ಮನೆ ಕೂರುವಂತಿಲ್ಲ. "ಎಲ್ಲಿಂದ ಎಲ್ಲಿಗೆ?" ಎಂದು ಕೇಳುತ್ತಾರೆ. "ಪ್ರಯಾಗದಿಂದ ಕಾಶಿಗೆ ಸಾ," ಅನ್ನಬೇಕು. "ಒಳಕ್ಕೋಗಿ, ಒಳಕ್ಕೋಗಿ, ಮಧ್ಯದಲ್ಲಿ ಜಾಗ ಅದೆ!"

ಪುಸ್ತಕ ಬರೆದವರ ಮೇಲೆ ಚಿಕ್ಕಪ್ಪನಿಗೆ ನಂಬಿಕೆ ಕಮ್ಮಿ. ಹರಿದ್ವಾರದಲ್ಲಿ ಸ್ನಾನ ಮಾಡಿದ ಲೇಖಕರು ಹಾಳೆ ತಿರುಗಿಸುವುದರೊಳಗೆ ಹೃಷಿಕೇಶದಲ್ಲಿ ಪ್ರತ್ಯಕ್ಷ! ಚಿಕ್ಕಪ್ಪ ಪುಸ್ತಕ ಮಡಚಿಟ್ಟರು. "ಈವಯ್ಯ ಯಾವ್ದರಲ್ಲಿ ಓದ? ಎಲ್ಲಿ ಅತ್ತುದ, ಎಲ್ಲಿ ಇಳ್ದ? ಟಿಕೆಟ್ ಇಲ್ದೆ ಓಗವ್ನೆ ಕಣಮ್ಮಿ!" ಆಮೇಲೆ ಲೇಖಕರು ನುಂಗಿದ ದಾರಿಯನ್ನೆಲ್ಲ ತಾವೇ ತುಂಬಿಸತೊಡಗಿದರು. ಬಸ್ಸು ಕೆಟ್ಟಿತು, ಕಿಟಕಿ ಸೀಟಿಗೆ ಜಗಳವಾಯಿತು, ತಿರುವಿನಲ್ಲಿ ಒಬ್ಬಳು ಹೆಂಗಸಿಗೆ ವಾಂತಿ ಬಂತು, ಯಾರೋ ನಿಂಬೆಹಣ್ಣು ಕೊಟ್ಟರು. ಪಾಪ, ಅವರಿಗೆ ಗೊತ್ತಿದ್ದದ್ದು ಒಂದೇ ಘಾಟಿನ ದಾರಿ, ನಮ್ಮ ಬೆಟ್ಟದ್ದು. ಹಾಗಾಗಿ ಕೇದಾರದ ದಾರಿಯಲ್ಲಿ ರಾಗಿ ಹೊಲ ಬಂತು, ಹುಣಸೆ ಮರ ಬಂತು, ಕೊನೆಗೆ ಆನೆಯೂ ಬಂತು.

"ಅಲ್ಲೂ ಆನೆ ಅಡ್ಡ ಬತ್ತವಾ?" ಚಿಕ್ಕಮ್ಮ ಕೇಳಿದರು.

"ಬರ್ದೆ ಇನ್ನೇನು? ಕಾಡಲ್ವಾ?"

ಆಮೇಲೆ ನಾನು ಪುಸ್ತಕ ತೆಗೆದು ನೋಡಿದೆ. ಆನೆಯ ಸುದ್ದಿಯೇ ಇರಲಿಲ್ಲ. ಚಿಕ್ಕಪ್ಪ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ದುರುಗುಟ್ಟಿ ನೋಡಿದರು. ನಾನು ಪುಸ್ತಕ ಮುಚ್ಚಿದೆ.

ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕಲ್ಲ, ಅದನ್ನೂ ಜಗಲಿಯಲ್ಲಿ ಜಾರಿಗೆ ತಂದರು. ಪಕ್ಕದ ಮನೆಯ ಅಜ್ಜಿ ಹಾಗಲಕಾಯಿ ಬಿಟ್ಟೆ ಎಂದಿತು. "ಎಂದಾದ್ರೂ ತಿಂದಿದ್ದೀಯಾ ಅದ್ನ?" ಎಂದು ಚಿಕ್ಕಪ್ಪ ಗದರಿ, ತಾವು ಪ್ರಾಣಕ್ಕಿಂತ ಹೆಚ್ಚಾದ ಬದನೆಕಾಯಿಯನ್ನೇ ಬಿಟ್ಟರು. ಎಲ್ಲರೂ ಭೇಷ್ ಎಂದರು. ಸ್ವಲ್ಪ ದಿನ ಕಳೆದು ಹೊನ್ನೂರಿನ ಮದುವೆಯೊಂದರಲ್ಲಿ ನೋಡುತ್ತೇನೆ, ಎಲೆಯ ಮೇಲೆ ಎರಡನೇ ಸಲ ಎಣ್ಣೆಗಾಯಿ ಬಡಿಸಿಕೊಳ್ಳುತ್ತಿದ್ದಾರೆ!

"ಚಿಕ್ಕಪ್ಪಾ, ಕಾಶಿಯಲ್ಲಿ ಬಿಟ್ಟಿದ್ರಲ್ಲ?"

"ಆ ಪುಸ್ತಕ ವಾಪಸ್ ಕೊಟ್ಟಾಯ್ತಲ್ಲಮ್ಮಿ!"

ಇಷ್ಟೆಲ್ಲ ಆಗಿಯೂ ಅಂದುಕೊಂಡ ಕೆಲಸ ಮಾತ್ರ ಆಗಲಿಲ್ಲ. ಒಂದೊಂದು ಪುಸ್ತಕ ಮುಗಿದಾಗಲೂ ಚಿಕ್ಕಪ್ಪ ಆಸೆಯಿಂದ ಕೇಳುವರು: "ಎಂಗಿತ್ತು? ಓಗಿ ಬರವ ಅನ್ನುಸ್ತದಾ?" ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು, "ಚೆಂದಾಗಿತ್ತು. ಓಗ್ಬಂದಂಗೇ ಆಯ್ತು, ಇನ್ನೇನ್ ಬುಡಿ," ಅನ್ನುವರು. ಓದು ಅಷ್ಟು ಚೆನ್ನಾಗಿದ್ದರೆ ಬಸ್ಸು ಹತ್ತುವವರು ಯಾರು? ಕಂಡಕ್ಟರೇ ಪ್ರಯಾಣಿಕರನ್ನು ಮನೆಯಲ್ಲಿ ಕೂರಿಸಿದಂತಾಗಿತ್ತು. ಚಿಕ್ಕಪ್ಪನ ಮುಖ ನೋಡಿ ನನಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ರಾತ್ರಿ ಫೋನು ಮಾಡಿ, "ತಪ್ಪು ನಂದು ಕಣಮ್ಮಿ. ಮಾದಪ್ಪನ ಮುಂದೆ ಒಂದ್ಸಲ ನಿಲ್ಲುಸ್ನಿಲ್ಲ ಅಂದ್ರೆ ನನ್ ಜೀವ ಸುಮ್ಕಿರಲ್ಲ," ಎಂದು ಗೋಳಾಡುತ್ತಿದ್ದರು.

ಕೊನೆಗೊಂದು ದಿನ ಲೈಬ್ರರಿಯಲ್ಲಿ ನನಗೆ ನಮ್ಮ ಬೆಟ್ಟದ ಬಗ್ಗೆಯೇ ಬರೆದ ಪುಸ್ತಕ ಸಿಕ್ಕಿತು. ಜಗಲಿಗೆ ತಂದು ಹೆಸರು ಹೇಳಿದೊಡನೆ ಚಿಕ್ಕಮ್ಮ ಎದ್ದು ನೆಟ್ಟಗೆ ಕೂತರು. ಪುಸ್ತಕವನ್ನು ಕೈಗೆ ತೆಗೆದುಕೊಂಡು, ಸವರಿ, ಕಣ್ಣಿಗೊತ್ತಿಕೊಂಡು ಚಿಕ್ಕಪ್ಪನಿಗೆ ಕೊಟ್ಟರು. "ಓದಿ."

"ಓದಲ್ಲ," ಎಂದರು ಚಿಕ್ಕಪ್ಪ!

"ಯಾಕೆ?"

"ಇದ್ನೂ ಓದ್ಬುಟ್ರೆ, ಮಾದಪ್ಪನ್ನೂ ನೋಡ್ದಂಗಾಯ್ತು ಅಂತೀಯ. ಬೆಟ್ಟಕ್ ಬಾ, ಅಲ್ಲೇ ಓದ್ತೀನಿ."

ನೋಡಿ, ಗಂಡಹೆಂಡಿರ ಮಧ್ಯೆ ಎಂತೆಂಥದ್ದಕ್ಕೋ ಜಗಳವಾಗುವುದನ್ನು ಕೇಳಿದ್ದೇನೆ, ಪುಸ್ತಕ ಓದಲಿಲ್ಲವೆಂದು ಮಾತು ಬಿಟ್ಟದ್ದು ಇದೇ ಮೊದಲು. ಚಿಕ್ಕಮ್ಮ ಮುನಿಸಿಕೊಂಡರು. ಚಿಕ್ಕಪ್ಪ ಜಗ್ಗಲಿಲ್ಲ. ಜಗಲಿಯಲ್ಲಿ ಯಾತ್ರೆ ಬಂದ್. ಬೀದಿಯವರೆಲ್ಲ ಮುಷ್ಕರ ಮುಗಿಯುವುದನ್ನು ಕಾಯುವವರಂತೆ ಇಣುಕಿ ನೋಡಿ ಹೋಗುತ್ತಿದ್ದರು. ನಾನು ಪುಸ್ತಕವನ್ನು ರಿನ್ಯೂ ಮಾಡಿಸಿದೆ, ಮತ್ತೊಮ್ಮೆ ಮಾಡಿಸಿದೆ. ಒಂದು ಸಂಜೆ ಟೀ ಲೋಟ ಕೆಳಗಿಡುತ್ತ ಚಿಕ್ಕಮ್ಮ ಗೋಡೆಗೆ ಹೇಳುವಂತೆ ಹೇಳಿದರು: "ಅಲ್ಲೇ ಓದದಾದ್ರೆ, ಬತ್ತೀನಿ. ಪೂರ್ತಿ ಓದ್ಬೇಕು."

ಮಾರನೆಯ ದಿನವೇ ಹೊರಟೆವು, ಮನಸ್ಸು ಬದಲಾದರೆ ಏನು ಗತಿ! ಕೊಳ್ಳೇಗಾಲದಲ್ಲಿ ನಾನು ಹತ್ತಿಕೊಂಡೆ. ಚಿಕ್ಕಪ್ಪನಿಗೆ ಬಸ್ಸಿನಲ್ಲಿ ಕೂತು ಅಭ್ಯಾಸವೇ ಇಲ್ಲ, ಸೀಟಿದ್ದರೂ ಕಂಬಿ ಹಿಡಿದು ನಿಂತರು. ಹನೂರು ದಾಟಿದ ಮೇಲೆ ಪುಸ್ತಕ ತೆಗೆದರು. ತಾಳಬೆಟ್ಟದಲ್ಲಿ ಬೆಟ್ಟಕ್ಕೆ ನಡೆದು ಹೋಗುವ ಪರ್ಸೆಯ ಭಕ್ತರು ಕಂಡರು. ಪುಸ್ತಕ ಮುಚ್ಚಿ ಕಂಡದ್ದನ್ನೇ ಹೇಳತೊಡಗಿದರು. ಹಳದಿ ಬಟ್ಟೆ, ಹೆಗಲ ಮೇಲಿನ ಮಗು, ಕಲ್ಲಿನ ಮೇಲೆ ಕೂತು ಅಂಗಾಲು ಒತ್ತಿಕೊಳ್ಳುತ್ತಿದ್ದ ಮುದುಕ. ಗಂಟಲು ಡ್ಯೂಟಿಯ ಗಂಟಲು, ಬಸ್ಸಿಗೆಲ್ಲ ಕೇಳಿಸುತ್ತಿತ್ತು. ಘಾಟಿನಲ್ಲಿ ಎಲ್ಲರೂ ಕಿವಿಗೊಟ್ಟು ಕೇಳಿದರು. ಹಿಂದಿನ ಸೀಟಿನ ಮುದುಕಿ, "ಸಾ, ಈಚೆ ಕಡೇದೂ ಒಸಿ ಏಳಿ," ಎಂದಿತು. ಈಚೆ ಕಡೆಯ ಕಿಟಕಿಯಲ್ಲಿ ಆ ಮುದುಕಿಯೇ ಕೂತಿತ್ತು!

ಗುಡಿಯ ಸಾಲಿನಲ್ಲಿಯೂ ಓದು ನಿಲ್ಲಲಿಲ್ಲ. ಗೋಪುರ ಓದಿದರು, ಮುಡಿ ಕೊಟ್ಟು ಬಂದ ಬೋಳುತಲೆಗಳನ್ನು ಹೇಳಿದರು. ಧೂಪದ ವಿಷಯ ಬಂದಾಗ ಚಿಕ್ಕಮ್ಮ, "ಅದ್ಕೆ ಮೂಗದೆ, ಮುಂದುಕ್ಕೋಗಿ," ಎಂದರು. ಸಾಲು ಜರುಗಿತು. ನೂಕುನುಗ್ಗಲಿನಲ್ಲಿ ನಾವು ಗರ್ಭಗುಡಿಯ ಎದುರಿಗೆ ಬಂದು ನಿಂತೆವು.

"ಬಂದ್ವಾ?" ಎಂದರು ಚಿಕ್ಕಮ್ಮ.

"ಬಂದ್ವಿ."

"ಏಳಿ ಮತ್ತೆ. ಎಂಗವ್ನೆ?"

ಇಷ್ಟು ವರ್ಷ ಬಾಗಿಲ ತನಕ ಬಂದು ತಿರುಗಿ ಹೋದ ಮನುಷ್ಯ ಮೊದಲ ಸಲ ಒಳಗೆ ನೋಡುತ್ತಿದ್ದರು. ದೀಪಗಳು ಉರಿಯುತ್ತಿದ್ದವು. ಹಿಂದಿನವರು ತಳ್ಳುತ್ತಿದ್ದರು, ಪಕ್ಕದಲ್ಲಿ ನಿಂತವನು "ನಡೀರಿ, ನಡೀರಿ" ಎಂದು ಕೂಗುತ್ತಿದ್ದ. ಚಿಕ್ಕಪ್ಪ ಬಾಯಿ ತೆರೆದರು, ದನಿ ಹೊರಡಲಿಲ್ಲ.

ಚಿಕ್ಕಮ್ಮ ಕೈ ಚಾಚಿ ಅವರ ಭುಜ ಹುಡುಕಿದರು, ಕತ್ತು ಹುಡುಕಿದರು, ಕೆನ್ನೆ ಮುಟ್ಟಿದರು. ಬೆರಳೆಲ್ಲ ಒದ್ದೆಯಾಯಿತು.

"ಅಳ್ತಿದ್ದೀರಾ?" ಎಂದರು ಮೆಲ್ಲಗೆ. "ಅಷ್ಟು ಚೆಂದಾಗವ್ನಾ?"

ಚಿಕ್ಕಪ್ಪ ಹೌದೆಂದು ತಲೆ ಆಡಿಸಿದರು. ಚಿಕ್ಕಮ್ಮನ ಅಂಗೈ ಇನ್ನೂ ಆ ಕೆನ್ನೆಯ ಮೇಲೇ ಇತ್ತು.