ಮ್ಯಾಂಡೊಲಿನ್ ಪಿಕ್ಕೂ ನನ್ನ ಮೈಕ್ರೋಮೀಟರೂ

ಅಳೆಯೋದೇ ಹೊಟ್ಟೆಪಾಡಾದವರು ಕನಸು ಕಾಣೋಕೆ ಹೊರಟರೆ ಇಂಥವು ಆಗ್ತಾನೇ ಇರುತ್ತವೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇನ್‌ಸ್ಪೆಕ್ಷನ್ ಟೇಬಲ್ಲಿನ ಮುಂದೆ ಕೂತವಳು. ಲೇತಿನಿಂದ ಬಂದ ತುಂಡನ್ನು ಮೈಕ್ರೋಮೀಟರಿನಲ್ಲಿ ಹಿಡಿದು, ದಪ್ಪ ಅಳೆದು ‘ಪಾಸ್’ ಅನ್ನಬೇಕು, ಇಲ್ಲಾ ‘ರಿಜೆಕ್ಟ್’ ಅನ್ನಬೇಕು. ಪಕ್ಕದಲ್ಲೇ ಕಂಪ್ರೆಸರ್. ಈ ಸಲದ ವರ್ಷಾವಧಿ ತಪಾಸಣೆಯಲ್ಲಿ ಡಾಕ್ಟರು, “ಬಲಗಿವಿ ಸ್ವಲ್ಪ ಮಂದ ಆಗ್ತಿದೆ ಮೇಡಂ. ತೀರಾ ಸಣ್ಣ ಸದ್ದುಗಳು ಮೊದಲು ಹೋಗ್ತವೆ” ಅಂದರು.

ಅವತ್ತು ಸಂಜೆ ಟಿ. ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ನಿಂತಿದ್ದೆ. ದೂರದಲ್ಲಿ ಮೆಟ್ರೋ ಬಿಸಿಲಿನ ಮೇಲೆ ತೇಲಿದ ಹಾಗೆ ಹೋಯಿತು. ಹೋಗೋ ಸಣ್ಣ ಸದ್ದುಗಳು ಹೋಗಲಿ, ಹೋಗೋಕೆ ಮುಂಚೆ ಒಂದು ಚೆಂದದ್ದನ್ನ ಕೇಳಿಬಿಡೋಣ ಅನ್ನಿಸಿತು. ಅಟ್ಟದ ಮೇಲೆ ನನ್ನ ತಮ್ಮ ಬಿಟ್ಟುಹೋಗಿದ್ದ ಮ್ಯಾಂಡೊಲಿನ್ ಇತ್ತು. ಇಳಿಸಿದೆ.

ಮೇಷ್ಟ್ರ ಮಾತು

ಮ್ಯಾಂಡೊಲಿನ್ನಿಗೆ ಎಂಟು ತಂತಿ. ಬರೀ ಬೆರಳಿಗೆ ಅವು ಬಗ್ಗಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಯೋ ಒಂದು ಪುಟ್ಟ ಮುಮ್ಮೂಲೆ ಬಿಲ್ಲೆ ಬೇಕು. ಅದೇ ಪಿಕ್ಕು. ತಮ್ಮ ವಾದ್ಯ ಬಿಟ್ಟಿದ್ದ, ಪಿಕ್ ಬಿಟ್ಟಿರಲಿಲ್ಲ. ನಾನು ಕಂಪನಿಯ ಹಳೇ ಐಡಿ ಕಾರ್ಡಿನ ಮೂಲೆ ಕತ್ತರಿಸಿ ಒಂದು ಮಾಡಿಕೊಂಡೆ.

ನಾಗಸಂದ್ರದಲ್ಲಿ ಮನೆಯಲ್ಲೇ ಪಾಠ ಹೇಳುವ ಮ್ಯಾಂಡೊಲಿನ್ ಮೇಷ್ಟ್ರೊಬ್ಬರ ಎದುರು ಕೂತು ಮೀಟಿದೆ. ಫ್ಯಾನಿಗೆ ಕಾಗದ ಸಿಕ್ಕಿಕೊಂಡ ಹಾಗೆ ಪಟಪಟ ಅಂತು. ಮೇಷ್ಟ್ರು ನನ್ನ ಕೈಯಿಂದ ಪಿಕ್ ತಗೊಂಡು, ಕನ್ನಡಕ ಮೇಲೆತ್ತಿ ನೋಡಿ, ಗಂಭೀರವಾಗಿ ಅಂದರು:

“ಬಿ ಪಾಸಿಟಿವ್.”

ನನಗೆ ಕಣ್ಣು ತುಂಬಿ ಬಂತು. ಇಷ್ಟು ಕೆಟ್ಟದಾಗಿ ನುಡಿಸಿದರೂ ಧೈರ್ಯ ಹೇಳುವ ಗುರುಗಳು! “ಆಗ್ಲಿ ಸಾರ್. ಏನೇ ಆದ್ರೂ ಕೈ ಬಿಡಲ್ಲ” ಅಂದೆ.

“ಅಲ್ಲಮ್ಮ, ನಿಮ್ಮ ಬ್ಲಡ್ ಗ್ರೂಪು. ಪಿಕ್ ಮೇಲೆ ಬರ್ದಿದೆ.”

ಬೆಳ್ಳಂದೂರಿನ ಭಾನುವಾರ

ಮೇಷ್ಟ್ರು ಹೇಳಿ ಕಳಿಸಿದರು: “ಬಳುಕೋದು ಬೇಡ. ಒಂದು ಮಿಲಿಮೀಟರಿಗಿಂತ ಸ್ವಲ್ಪ ದಪ್ಪ ಇರ್ಲಿ, ಅಂಚು ನುಣ್ಣಗಿರ್ಲಿ. ಒಳ್ಳೇ ಪಿಕ್ ಅಂದ್ರೆ ತಂತಿಗೆ ತಾಗಿದ್ದೇ ಗೊತ್ತಾಗಬಾರ್ದು.”

ಅಳತೆ ಹೇಳಿದ ಮೇಲೆ ಕೇಳಬೇಕೆ? ನನ್ನ ಸ್ವಂತದ ಮೈಕ್ರೋಮೀಟರನ್ನು ಬ್ಯಾಗಿಗೆ ಹಾಕಿಕೊಂಡು, ಮೆಟ್ರೋ ಹಿಡಿದು, ಬಸ್ಸು ಬದಲಿಸಿ, ಎರಡು ಗಂಟೆ ಕೂತು ಬೆಳ್ಳಂದೂರಿನ ಒಂದು ವಾದ್ಯದ ಅಂಗಡಿ ಮುಟ್ಟಿದೆ. ಟ್ರೇ ತುಂಬ ಪಿಕ್ಕುಗಳು. ಜೇನಿನ ಬಣ್ಣ, ನವಿಲುಗರಿ ಬಣ್ಣ, ಮಂಜು ಕವಿದ ಗಾಜಿನ ಬಣ್ಣ. ಬಾಲ್ಯದಲ್ಲಿ ಬಾಯಿಗೆ ಹಾಕಿಕೊಳ್ಳಲಾಗದೆ ಹೋದ ಪೆಪ್ಪರಮೆಂಟುಗಳೆಲ್ಲ ಒಟ್ಟಿಗೆ ಬಂದು ಕೂತ ಹಾಗಿತ್ತು.

ಮೈಕ್ರೋಮೀಟರ್ ತೆಗೆದೆ. ಅಂಗಡಿಯವರು ಗಾಬರಿಯಾದರು. “ಮೇಡಂ, ಇದು ಪಿಕ್ಕು. ಪಿಸ್ಟನ್ ಅಲ್ಲ.”

“ಇದರ ಮೇಲೆ ಒಂದು ಮಿಲಿಮೀಟರ್ ಅಂತ ಬರ್ದಿದೆ, ಇರೋದು ಸೊನ್ನೆ ಪಾಯಿಂಟ್ ತೊಂಬತ್ತಾರು. ರಿಜೆಕ್ಟ್” ಅಂದೆ.

ಒಂದೊಂದಾಗಿ ಅಳೆಯುತ್ತಾ ಹೋದೆ. ನಡುವೆ ಒಂದು ದಪ್ಪ ಪಿಕ್ಕಿನಲ್ಲಿ ಅಂಗಡಿಯ ಮ್ಯಾಂಡೊಲಿನ್ ಮೀಟಿದಾಗ ಒಂದು ಸ್ವರ ಹೊರಟಿತು ನೋಡಿ, ಕೆರೆಗೆ ಬಿದ್ದ ಎಲೆಯ ಸುತ್ತ ನೀರು ಅಗಲವಾದ ಹಾಗೆ. ಮುಗಿದರೂ ಮುಗಿಯದು. ಕಿವಿ ಕೊಟ್ಟು ಅಲ್ಲೇ ನಿಂತುಬಿಟ್ಟೆ.

ಯಾರೋ ಕೆಮ್ಮಿದರು. ತಿರುಗಿದರೆ ಕೊರಳಲ್ಲಿ ಟ್ಯಾಗು, ಹೆಗಲಲ್ಲಿ ಗಿಟಾರು ಹಾಕಿಕೊಂಡ ಟೆಕ್ಕಿಗಳ ಸಾಲು. ಮೊದಲನೆಯವನು ವಿನಯದಿಂದ, “ಮೇಡಂ, ನಂದೂ ಸ್ವಲ್ಪ ಚೆಕ್ ಮಾಡಿ ಕೊಡ್ತೀರಾ?” ಅಂದ. ಅಂಗಡಿಯಲ್ಲಿ ಹೊಸದಾಗಿ ಶುರುವಾದ ಸೇವೆ ಅಂದುಕೊಂಡಿದ್ದರು. ಎದುರು ತುಂಡು ಇಟ್ಟ ಮೇಲೆ ಅಳೆಯದೇ ಇರೋದು ನನ್ನ ಕೈಗೆ ಗೊತ್ತಿಲ್ಲ. ಹನ್ನೊಂದು ಜನರದ್ದು ಮುಗಿಸಿದೆ. ಅಂಗಡಿಯವರು ಕಾಫಿ ತರಿಸಿಕೊಟ್ಟು, “ಮುಂದಿನ ಭಾನುವಾರನೂ ಬನ್ನಿ ಮೇಡಂ, ಊಟನೂ ಇಲ್ಲೇ” ಅಂದರು.

ಸಂತೋಷವಾಗಿ ದಾಸರಹಳ್ಳಿಯಲ್ಲಿ ಮೆಟ್ರೋ ಇಳಿದೆ. ಮನೆ ಗೇಟಿನ ಹತ್ತಿರ ಬಂದಾಗ ಗಂಡ ಕೇಳಿದರು, “ಎಲ್ಲಿ, ತಂದ ಪಿಕ್ ತೋರ್ಸು?”

ಆಗ ನೆನಪಾಯಿತು, ನಾನು ತಗೊಂಡೇ ಇರಲಿಲ್ಲ.

ಚಟ್ನಿ ಕಾಯಿ

ನಮ್ಮ ಕಾರ್ಖಾನೆಯಲ್ಲಿ ಲೇತ್ ನಡೆಸೋ ಟರ್ನರ್ ಬಾಗಲಕೋಟೆ ಕಡೆಯವನು. ನನ್ನ ಪೇಚಾಟ ಕೇಳಿ, “ಅಕ್ಕಾರ, ಅಷ್ಟಕ್ಕ ಬೆಳ್ಳಂದೂರಿಗೆ ಹೋಗೂದೇನ್ರೀ? ನಾ ಮಾಡಿ ಕೊಡ್ತೀನಿ” ಅಂದ. ಊಟದ ಬಿಡುವಿನಲ್ಲಿ ನೈಲಾನು, ಫೈಬರು, ಹಿತ್ತಾಳೆ ಅಂತ ಆರು ಪಿಕ್ ಮಾಡಿ ತಂದ. ಆರನ್ನೂ ಅಳೆದು, ಅಭ್ಯಾಸಬಲದಿಂದ ಆರಕ್ಕೂ ಕೆಂಪು ಚೀಟಿ ಕಟ್ಟಿ ಕಳಿಸಿದೆ.

“ಮನೀ ಮಂದಿಗೂ ರಿಜೆಕ್ಷನ್ ಏನ್ರೀ ಅಕ್ಕಾರ?” ಅಂತ ಮುಖ ಸಣ್ಣ ಮಾಡಿಕೊಂಡು ಹೋದ.

ಎರಡು ದಿನ ಬಿಟ್ಟು ಏಳನೆಯದು ತಂದ. ತೆಂಗಿನ ಚಿಪ್ಪಿನದು. ಮೂರು ಅಂಚೂ ಮೂರು ಅಳತೆ, ಮೇಲೆ ಸ್ವಲ್ಪ ಡೊಂಕು. ಡ್ರಾಯಿಂಗಿನ ಅಳತೆಗೆ ಹಿಡಿದರೆ ನೋಡದೆಯೇ ರಿಜೆಕ್ಟ್. ಆದರೆ ಬೆರಳಿಗೆ ಬಂದ ಕೂಡಲೇ ಅದು ಮೊದಲಿಂದಲೂ ಅಲ್ಲೇ ಇದ್ದ ಹಾಗೆ ಕೂತಿತು. ಸಂಜೆ ತಾರಸಿಗೆ ಹೋಗಿ ಮೀಟಿದೆ. ತಂತಿಗೆ ತಾಗಿದ ಸದ್ದೇ ಇಲ್ಲ, ಬರೀ ಸ್ವರ. ಪಕ್ಕದ ಮನೆಯ ಒಗೆದ ಸೀರೆಗಳು ಮೆಲ್ಲಗೆ ಅಲುಗುತ್ತಿದ್ದವು. ಆ ಅಲುಗಾಟವೂ ಕಿವಿಗೆ ಕೇಳಿಸಿತು ಅಂದರೆ ನಗಬೇಡಿ. ಬಲಗಿವಿಗೇ ಕೇಳಿಸಿತು.

ಮರುದಿನ ಹೋಗಿ, “ಪಾಸ್ ಕಣಪ್ಪ! ಇನ್ನೊಂದು ಹತ್ತು ಮಾಡಿಕೊಡ್ತೀಯಾ?” ಅಂದೆ.

ಅವನು ಹೊಟ್ಟೆ ಹಿಡಿದುಕೊಂಡ. “ಹತ್ತಾ? ಈ ಒಂದು ಚಿಪ್ಪಿಗ ಎರಡು ದಿವ್ಸ ರೂಮಿನ್ಯಾಗ ಎಲ್ಲಾರೂ ಬರೇ ಚಟ್ನೀ ತಿಂದೀವ್ರೀ ಅಕ್ಕಾರ!”

ಆಯುಧಪೂಜೆ

ನಮ್ಮ ಮನೆ ಓನರು ಈ ಊರಿನ ಮೂಲದವರು. ಹೊಲ ಇದ್ದ ಕಡೆ ಈಗ ಮೂರು ಕಟ್ಟಡ, ಎರಡು ನೀರಿನ ಟ್ಯಾಂಕರು. ಟ್ಯಾಂಕರ್ ನೋಡಿಕೊಳ್ಳೋದು ಮಗ. ಮೂವತ್ತನಾಲ್ಕು ತುಂಬಿದೆ, ಮದುವೆ ಆಗಿಲ್ಲ. ಅವನ ಅಜ್ಜಿಗೆ ಅದೊಂದೇ ಕೊರಗು.

ಆಯುಧಪೂಜೆಯ ಬೆಳಿಗ್ಗೆ ಓನರಮ್ಮ, “ನಿಮ್ಮದೂ ಆಯುಧಾನೇ ಅಲ್ವಾ, ತಂದಿಡಿ” ಅಂತ ನನ್ನ ಮ್ಯಾಂಡೊಲಿನ್ನನ್ನೂ ಪಿಕ್ಕನ್ನೂ ಟ್ಯಾಂಕರಿನ ಮುಂದೆ ಇಡಿಸಿದರು. ಎಲ್ಲದಕ್ಕೂ ಅರಿಶಿನ ಕುಂಕುಮ ಮೆತ್ತಿ ಪೂಜೆ ಮಾಡಿ, “ಈಗ ಒಂದು ನುಡಿಸ್ರೀ” ಅಂದರು.

ತಲೆಗೆ ಸ್ನಾನ ಮಾಡಿ ಕೂದಲು ಬಿಚ್ಚಿಕೊಂಡಿದ್ದೆ. ಶ್ರುತಿ ಮಾಡೋಕೆ ಎರಡೂ ಕೈ ಬೇಕು, ಪಿಕ್ಕನ್ನು ತುಟಿಯಲ್ಲಿ ಕಚ್ಚಿಕೊಂಡೆ. ಬೆವರು ಬಂತು, ಅದೇ ಬೆರಳಲ್ಲಿ ಹಣೆ ಒರೆಸಿಕೊಂಡೆ. ಆಮೇಲೆ ಕಣ್ಣು ಮುಚ್ಚಿ ಶುರು ಮಾಡಿದೆ. ಚೆಂಡುಹೂವಿನ ವಾಸನೆ, ಊದುಬತ್ತಿ ಹೊಗೆ, ಎಳೇ ಬಿಸಿಲು. ತಪ್ಪಿಲ್ಲದೆ ಬರ್ತಾ ಇದೆ. ನಾನೇ ತೂಗ್ತಾ ಇದ್ದೀನೋ, ನೆಲವೇ ತೂಗ್ತಾ ಇದೆಯೋ ಗೊತ್ತಿಲ್ಲ. ಜನ ಸ್ತಬ್ಧರಾಗಿದ್ದರು. ಇಷ್ಟು ಚೆನ್ನಾಗಿ ನುಡಿಸ್ತೀನಾ ನಾನು ಅಂತ ಒಳಗೊಳಗೇ ಕರಗಿಹೋದೆ.

ಅವರು ನೋಡುತ್ತಿದ್ದದ್ದು ಬಿಚ್ಚಿದ ಕೂದಲು, ಹಣೆ ತುಂಬ ಕುಂಕುಮ, ಕೆಂಪಗೆ ತೊಯ್ದ ಬಾಯಿ ಮತ್ತು ತೂಗುವ ಮೈ ಅಂತ ನನಗೆ ಹೇಗೆ ಗೊತ್ತಾಗಬೇಕು?

ಆಗಷ್ಟೇ ಒಳಗಿನಿಂದ ಬಂದ ಅಜ್ಜಿ ಕೈ ಮುಗಿದು ನನ್ನ ಮುಂದೆ ಕೂತಿತು. ನಡುಗುವ ದನಿಯಲ್ಲಿ, “ತಾಯೀ, ಒಂದಾದ್ರೂ ಆಯ್ತದೇನವ್ವಾ?” ಅಂತು.

ಇನ್ನೊಂದು ಹಾಡು ಕೇಳ್ತಿದೆ ಅಂದುಕೊಂಡೆ. ಕಣ್ಣು ಬಿಡದೆಯೇ ನಕ್ಕು, “ಒಂದ್ಯಾಕಜ್ಜಿ, ಮೂರು ಆಗುತ್ತೆ” ಅಂದೆ.

“ಮೂರಾ!”

“ಹೂಂ. ಮೊದಲನೇದು ಬೇಗ ಮುಗಿದುಹೋಗುತ್ತೆ. ಎರಡನೇದು ಭಾರೀ ಗಲಾಟೆ, ಸ್ವಲ್ಪ ತಡ್ಕೋಬೇಕು. ಮೂರನೇದು ಮಾತ್ರ ನಿಧಾನ. ಮನಸ್ಸಿಗೆ ನೆಮ್ಮದಿ.”

ಧಡ್ ಅಂತ ಸದ್ದಾಯಿತು. ಕಣ್ಣು ಬಿಟ್ಟೆ. ದೃಷ್ಟಿ ತೆಗೆಯೋಕೆ ಎತ್ತಿ ಹಿಡಿದಿದ್ದ ಬೂದುಗುಂಬಳಕಾಯಿ ಮೊಮ್ಮಗನ ಕೈಯಿಂದ ಜಾರಿ, ನೆಲಕ್ಕೆ ಬಿದ್ದು ಹೋಳಾಗಿತ್ತು. ಅವನು ಮೆಲ್ಲಗೆ ನನ್ನ ಹತ್ತಿರ ಬಂದು, ಕೈ ಜೋಡಿಸಿ, ಯಾರಿಗೂ ಕೇಳಿಸದ ಹಾಗೆ ಅಂದ:

“ಅಕ್ಕಾ, ಡೈರೆಕ್ಟಾಗಿ ಮೂರನೇದೇ ಮಾಡ್ಕೊಳ್ಳೋಕಾಗಲ್ವಾ?”